ಕಲಾವಿದನ ಮಾತು ಯಾವ ಭಾಷೆಯದು?

ಅಂಗಡಿಯ ಮುಂದಣ ಹಲಗೆಯ ಮೇಲೆ ಕನ್ನಡ ಎಷ್ಟಿರಬೇಕೆಂಬ ಪ್ರಶ್ನೆಗೆ ನಮ್ಮ ಶಾಸನಸಭೆ ಲೆಕ್ಕದಲ್ಲಿಯೇ ಉತ್ತರ ಕೊಟ್ಟಾಗಿದೆ. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇಕಡ ೬೦ರಷ್ಟು ಭಾಗ ಕನ್ನಡದಲ್ಲಿರಬೇಕು. ಆ ಕನ್ನಡ ಹಲಗೆಯ ಮೇಲ್ಭಾಗದಲ್ಲಿರಬೇಕು. ನಿಯಮ ಒಳ್ಳೆಯದೇ. ಕಣ್ಣಿಗೆ ಬೀಳುವ ಭಾಷೆ ಬಾಯಿಗೂ ಬಂದೀತು ಎಂಬ ಆಸೆ ಅದರ ಹಿಂದಿದೆ. ಆದರೆ ಹಲಗೆಯ ಮೇಲಿನ ಕನ್ನಡವನ್ನು ಅಳೆಯುವ ನಾವು, ಆ ಹಲಗೆಯನ್ನು ಬರೆಯುವವನು, ಗೋಡೆಯ ಮೇಲೆ ಹಸೆ ಬರೆಯುವವಳು, ಕ್ಯಾನ್ವಾಸಿನ ಮುಂದೆ ನಿಂತಿರುವ ತರುಣ, ಇವರೆಲ್ಲ ತಮ್ಮ ಕೆಲಸವನ್ನು ಕುರಿತು ಯಾವ ಭಾಷೆಯಲ್ಲಿ ಯೋಚಿಸುತ್ತಾರೆ, ಯಾವ ಭಾಷೆಯಲ್ಲಿ ಲೋಕಕ್ಕೆ ಹೇಳಿಕೊಳ್ಳುತ್ತಾರೆ ಎಂದು ಕೇಳಿದ್ದೇವೆಯೇ? ಇದನ್ನು ಅಳೆಯಲು ಶೇಕಡಾವಾರು ಲೆಕ್ಕ ಒದಗುವುದಿಲ್ಲ. ಬಹುಶಃ ಅದಕ್ಕಾಗಿಯೇ ಯಾರೂ ಕೇಳಿಲ್ಲ.

ಕನ್ನಡ ಪಾಠ ಹೇಳುವ ನನಗೆ ಚಿತ್ರಕಲೆಯಲ್ಲಿ ಅಧಿಕಾರವಿಲ್ಲ. ಆದರೆ ಮಾತಿನಲ್ಲಿ ಆಸಕ್ತಿಯಿದೆ. ಆ ಆಸಕ್ತಿಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ಕಳೆದ ಕೆಲವು ತಿಂಗಳು ಸಾಗರದ ಸುತ್ತಮುತ್ತ ಕೈಕೆಲಸದಿಂದ ಬಾಳುವ ಕೆಲವರೊಡನೆ ಕುಳಿತು ಮಾತನಾಡಿದೆ. ಎಲ್ಲರಿಗೂ ಕೇಳಿದ ಪ್ರಶ್ನೆ ಒಂದೇ: ನೀವು ಮಾಡುವುದನ್ನು ನೀವು ಏನೆಂದು ಹೇಳುತ್ತೀರಿ? ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರು ಬಯಸಲಿಲ್ಲ, ಪ್ರಶ್ನೆಗೂ ಅದು ಬೇಕಿಲ್ಲ.

*

ಮೊದಲು ಮಾತನಾಡಿದುದು ದೀವರ ಕೇರಿಯ ಒಬ್ಬ ಹಿರಿಯ ತಾಯಿಯೊಡನೆ. ಸಾಗರ ಸೊರಬಗಳ ದೀವರ ಮನೆಗಳಲ್ಲಿ ಮದುವೆಗೆ ಮುನ್ನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪು, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಪೇಟೆಯಿಂದ ತರಬೇಕಾದ ಸಾಮಾನು ಒಂದೂ ಇಲ್ಲ. ಆ ಹಸೆಯ ಮುಂದೆಯೇ ಮದುಮಕ್ಕಳು ಕೂರುತ್ತಾರೆ. ಅಶ್ವೀಜದ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ, ಇದೇ ಎಳೆ.

"ಇದನ್ನು ಯಾರು ಕಲಿಸಿದರಮ್ಮ?" ಎಂದು ಕೇಳಿದೆ.

"ಕಲಿಸೂದು ಎಂತದು ಮೇಷ್ಟ್ರೆ, ಅಬ್ಬೆ ಬರೀತಿತ್ತು, ನಾವು ಬಟ್ಟಲು ಹಿಡ್ಕಂಡು ಕೂರ್ತಿದ್ವಿ. ಎಳೆ ನಡುಗಬಾರ್ದು ಅಂತಿತ್ತು, ಅಷ್ಟೇ."

ಎಳೆ ನಡುಗಬಾರದು! ಒಂದು ಕಲೆಯ ಶಾಸ್ತ್ರವೆಲ್ಲ ಎರಡು ಪದಗಳಲ್ಲಿ ಇಳಿದು ಕುಳಿತಂತಾಯಿತು. ಓದುಗರು ಈ 'ಎಳೆ' ಎಂಬ ಮಾತನ್ನು ಗಮನಿಸಬೇಕು. ನಮ್ಮ ಪಠ್ಯಪುಸ್ತಕದ 'ರೇಖೆ' ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಹೋಗುವ ಗಣಿತದ ವಸ್ತು. 'ಎಳೆ' ಹಾಗಲ್ಲ. ಅದು ನೂಲಿನದು, ನಾರಿನದು. ಎಳೆಯುವ ಕೈಯ ಬಲ ಅದರೊಳಗಿದೆ. ನಾಮಪದವೂ ಅದೇ, ಕ್ರಿಯಾಪದವೂ ಅದೇ. ಅದು ಕಡಿದುಹೋಗಬಹುದು, ಸಡಿಲವಾಗಬಹುದು, ಬಿಗಿಯಾಗಬಹುದು. ಆ ತಾಯಿ ಗೋಡೆಯ ಮೇಲಿನ ಗೆರೆಯನ್ನು ನೂಲಿನ ಹಾಗೆ ಕಾಣುತ್ತಾಳೆ. ಆದುದರಿಂದಲೇ ಅವಳ ಚಿತ್ತಾರ ನೇಯ್ದ ಬಟ್ಟೆಯ ಹಾಗೆ ತೋರುತ್ತದೆ. ಪದವು ಕಣ್ಣನ್ನು ತಿದ್ದಿದೆ, ಕಣ್ಣು ಕೈಯನ್ನು ತಿದ್ದಿದೆ.

ಅವಳು ಹಸೆಯನ್ನು 'ಬರೆಯುತ್ತೇನೆ' ಎಂದಳು ಎಂಬುದೂ ಸಣ್ಣ ಸಂಗತಿಯಲ್ಲ. ಅಕ್ಷರ ಬರೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ಕನ್ನಡದಲ್ಲಿ ಕ್ರಿಯೆ ಒಂದೇ. ಶಾಲೆಯ ಮುಖವನ್ನೇ ಕಾಣದ ಹೆಂಗಸು ಸಹ ತಾನು 'ಬರೆಯುವವಳು' ಎಂದು ಹೇಳಿಕೊಳ್ಳುವ ಹಕ್ಕನ್ನು ಈ ಭಾಷೆ ಅವಳಿಗೆ ಕೊಟ್ಟಿದೆ. ಬರೆಹಗಾರರೆಂದು ಬೀಗುವ ನಾವು ಈ ಮಾತನ್ನು ಆಗಾಗ ನೆನೆಯುವುದು ಲೇಸು.

ಈಗ ಸಿಮೆಂಟಿನ ಗೋಡೆಗಳು ಬಂದಿವೆ. ಕೆಮ್ಮಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ; ಮನೆಯವರಿಗೂ ಬೇಡ. ಚಿತ್ತಾರ ಗೋಡೆಯಿಂದಿಳಿದು ಕಾಗದಕ್ಕೆ, ಬಟ್ಟೆಗೆ, ಹಲಗೆಗೆ ಬಂದಿದೆ. ಹೀಗೆ ಬಂದುದರಿಂದ ಕೆಲವರಿಗೆ ನಾಲ್ಕು ಕಾಸು ದೊರೆಯುತ್ತಿರುವುದೂ ನಿಜ. ಆದರೆ ಕೊಳ್ಳಲು ಬರುವವರಲ್ಲಿ ಅನೇಕರು ಅದನ್ನು ಕಂಡೊಡನೆ 'ವರ್ಲಿ' ಎನ್ನುತ್ತಾರಂತೆ. ವರ್ಲಿಯು ಮಹಾರಾಷ್ಟ್ರದ ಠಾಣೆ, ಪಾಲಘರ್ ಕಡೆಯ ಆದಿವಾಸಿಗಳ ಕಲೆ. ತನ್ನ ನೆಲದಲ್ಲಿ ಅದು ದೊಡ್ಡದು. ಕೆಂಪು ನೆಲೆಯ ಮೇಲೆ ಬಿಳಿಯ ಗೆರೆ ಎಂಬಷ್ಟೇ ಹೋಲಿಕೆಯಿಂದ ಒಂದರ ಹೆಸರು ಇನ್ನೊಂದನ್ನು ನುಂಗುತ್ತಿದೆ. "ಎಂತಾದ್ರೂ ಅನ್ಲಿ, ತಗಂಡು ಹೋಗ್ತಾರಲ" ಎಂದು ಆ ತಾಯಿ ನಕ್ಕಳು. ಅವಳು ನಗಬಹುದು, ಅವಳಿಗೆ ತನ್ನ ಕೆಲಸದ ಹೆಸರು ಗೊತ್ತಿದೆ. ಅವಳ ಮೊಮ್ಮಗಳಿಗೆ ಗೊತ್ತಿರುತ್ತದೆಯೇ?

*

ಎರಡನೆಯವರು ಪೇಟೆಬೀದಿಯಲ್ಲಿ ಬಹುಕಾಲದಿಂದ ನಾಮಫಲಕ ಬರೆಯುತ್ತ ಬಂದವರು. ಹೊಸ ನಿಯಮ ಬಂದಾಗ ಇವರಿಗೆ ಕೈತುಂಬ ಕೆಲಸ ಬಂದಿರಬೇಕೆಂದು ಭಾವಿಸಿ ಹೋದರೆ, ಅವರು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು.

"ಕನ್ನಡದ ಬೋರ್ಡು ಬೇಕು ಸಾರ್ ಎಲ್ಲರಿಗೂ. ಬರೆಯುವ ಕೈ ಬೇಡ. ಹಿಂದಿನ ಬೀದಿಯಲ್ಲಿ ಮಿಷನ್ ಇದೆ, ಅರ್ಧ ಗಂಟೆಯಲ್ಲಿ ಫ್ಲೆಕ್ಸ್ ಹೊರಗೆ ಬರುತ್ತದೆ."

ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಮುದ್ರಣ ನಮ್ಮ ಊರುಗಳಿಗೆ ಬಂದಿತು. ಬೆಂಗಳೂರಿನಲ್ಲಿ ೨೦೧೮ರ ಆಗಸ್ಟಿನಲ್ಲಿ, ಉಚ್ಚ ನ್ಯಾಯಾಲಯ ಗದರಿಸಿದ ಮೇಲೆ, ಮಹಾನಗರ ಪಾಲಿಕೆಯು ಫ್ಲೆಕ್ಸ್ ನಿಷೇಧಿಸಿದಾಗ ಕುಂಚದವರಿಗೆ ಮತ್ತೆ ಕಾಲ ಬಂದೀತೆಂದು ಕೆಲವರು ಎಣಿಸಿದ್ದುಂಟು. ಹಾಗಾಗಲಿಲ್ಲ. ಹೊಳೆಯುವ ದೀಪದ ಅಕ್ಷರ, ಕತ್ತರಿಸಿ ಅಂಟಿಸುವ ಹಾಳೆಯ ಅಕ್ಷರ, ಇವು ಆ ಜಾಗಕ್ಕೆ ಬಂದುವು. ಕಾನೂನು ಕನ್ನಡಕ್ಕೆ ಜಾಗ ದೊರಕಿಸಿಕೊಟ್ಟಿತು. ಕನ್ನಡ ಅಕ್ಷರವನ್ನು ಬಲ್ಲವನಿಗೆ ಕೆಲಸ ದೊರಕಿಸಿಕೊಡಲಿಲ್ಲ.

ಅವರು ಅಕ್ಷರವನ್ನು ಎಷ್ಟು ಬಲ್ಲರೆಂಬುದು ನನಗೆ ತಿಳಿದುದು ಅವರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬರೆದು ತೋರಿಸಿದಾಗ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಶಿಸ್ತಾಗಿ ನಿಲ್ಲುತ್ತವೆ. ಕನ್ನಡ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಪಕ್ಕಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ. 'ವಸ್ತ್ರ' ಎಂಬ ಒಂದು ಮಾತನ್ನು ಬರೆಯಬೇಕಾದರೂ ಸಕಾರದ ಅಡಿಯಲ್ಲಿ ತಕಾರ, ಅದರ ಮಗ್ಗುಲಲ್ಲಿ ರಕಾರ ಇಳಿಯಬೇಕು. ಹಲಗೆಯ ನಡುಗೆರೆಯನ್ನು ಎಲ್ಲಿ ಹಾಕುವುದು? ಅಳೆದು ಸರಿಯಾಗಿ ಮಧ್ಯಕ್ಕೆ ಹಾಕಿದರೆ ಒತ್ತಕ್ಷರ ಚೌಕಟ್ಟಿಗೆ ತಾಗುತ್ತದೆ. ಮೇಲಕ್ಕೆ ಸರಿಸಿದರೆ ಒತ್ತಕ್ಷರವಿಲ್ಲದ ಕಡೆ ಹಲಗೆಯ ಕೆಳಭಾಗ ಬರಿದಾಗಿ ಕಾಣುತ್ತದೆ. "ಅಳತೆಗೆ ಸರಿ ಇದ್ದರೆ ಕಣ್ಣಿಗೆ ತಪ್ಪು, ಕಣ್ಣಿಗೆ ಸರಿ ಮಾಡಿದರೆ ಅಳತೆಗೆ ತಪ್ಪು. ಬೋರ್ಡು ಓದುವುದು ಕಣ್ಣು ತಾನೇ ಸಾರ್?" ಎಂದರು. ಪ್ರತಿಯೊಂದು ಹೆಸರಿಗೂ ಹೊಸದಾಗಿ ನ್ಯಾಯ ತೀರಿಸಬೇಕು. ಯಂತ್ರದ ಅಕ್ಷರ ಎಲ್ಲ ಹೆಸರಿಗೂ ಒಂದೇ ನ್ಯಾಯ ಕೊಡುತ್ತದೆ.

ನಾನು ಅವರ ಬಾಯಿಂದ ಕೇಳಿ ಬರೆದುಕೊಂಡ ಮಾತುಗಳನ್ನು ಇಲ್ಲಿ ಹೇಳಬೇಕು. ಅಕ್ಷರ 'ಕೂತಿದೆ', 'ಕೂತಿಲ್ಲ'. ಅಕ್ಷರಕ್ಕೆ 'ಹೊಟ್ಟೆ' ಬಂದಿದೆ. ಎರಡು ಅಕ್ಷರಗಳ ನಡುವೆ 'ಗಾಳಿ' ಸಾಲದು. ಗೆರೆ 'ಉಸಿರು ಹಿಡಿದು' ಎಳೆದದ್ದು. ಅಕ್ಷರದ ವಿನ್ಯಾಸವನ್ನು ಕುರಿತ ಇಂಗ್ಲಿಷ್ ಗ್ರಂಥಗಳಲ್ಲಿ ಹತ್ತು ಪುಟದಲ್ಲಿ ಹೇಳುವುದನ್ನು ಈ ನಾಲ್ಕು ಮಾತು ಹೇಳುತ್ತವೆ. ಆದರೆ ಇವು ಯಾವ ಪುಸ್ತಕದಲ್ಲಿಯೂ ಇಲ್ಲ, ಯಾವ ತರಗತಿಯಲ್ಲಿಯೂ ಇಲ್ಲ. ಅವರ ಮಗ ಬೇರೆ ಉದ್ಯೋಗದಲ್ಲಿದ್ದಾನೆ. ಮಾತು ಕೈಯೊಡನೆ ಮುಗಿಯುತ್ತದೆ.

"ನೀವು ಕಲಾವಿದರೆಂದು ಹೇಳಿಕೊಳ್ಳುತ್ತೀರಾ?" ಎಂದು ಕೇಳಿದೆ. "ಅದು ಓದಿದವರಿಗೆ ಸಾರ್. ನಾನು ಪೇಂಟರು" ಎಂದರು.

*

ಮೂರನೆಯವನು ಓದಿದವನೇ. ನಮ್ಮ ಕಾಲೇಜಿನಲ್ಲಿ ಕನ್ನಡ ಕೇಳಿ, ಆಮೇಲೆ ಹೊರಗೆ ಹೋಗಿ ದೃಶ್ಯಕಲೆಯಲ್ಲಿ ಪದವಿ ಪಡೆದು ಬಂದ ತರುಣ. ಅವನ ಕೃತಿ ಚಿತ್ರವೂ ಅಲ್ಲ, ಶಿಲ್ಪವೂ ಅಲ್ಲ. ಒಂದು ಕೋಣೆಯ ತುಂಬ ಅಡಿಕೆಯ ಹಾಳೆಗಳನ್ನು ಹಗ್ಗದಿಂದ ಇಳಿಬಿಟ್ಟಿದ್ದಾನೆ. ಎಲ್ಲ ಹಾಳೆಗಳ ಕೆಳತುದಿಯೂ ಒಂದೇ ಎತ್ತರದಲ್ಲಿ ನಿಂತಿವೆ, ನಮ್ಮ ತಲೆಗಿಂತ ತುಸು ಮೇಲೆ. ನಡುವೆ ನಡೆದಾಡುವಾಗ ನೀರಿನ ಅಡಿಯಲ್ಲಿ ನಡೆದಂತಾಗುತ್ತದೆ. ಅದು ನೀರಿನ ಮಟ್ಟ.

ಯಾವ ನೀರೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ದಂಡೆಯ ಊರುಗಳು ಮುಳುಗಿದುವು. ನಾಡಿಗೆ ಬೆಳಕು ಬಂದಿತು. ಬೆಳಕಿಗಾಗಿ ಮನೆ ಬಿಟ್ಟವರು ಕಾಡಿನ ಅಂಚಿನಲ್ಲಿ ಕತ್ತಲೆಯಲ್ಲಿ ಕುಳಿತರು. ಅವರ ಭೂಮಿಯ ಹಕ್ಕಿನ ತೊಡಕು ಆರು ದಶಕ ಕಳೆದರೂ ಪೂರ್ತಿ ಬಿಡಿಸಿಲ್ಲ. ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು ೨೦೨೫ರ ಜುಲೈಯಲ್ಲಿ. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಈಗಲೂ ತಲೆಯೆತ್ತುತ್ತದೆ. ಈ ತರುಣನ ಅಜ್ಜಿಯ ಮನೆ ಆ ನೀರಿನ ಕೆಳಗಿದೆ.

ಅವನು ಈ ಕೃತಿಯನ್ನು ಹೊರ ಊರಿನ ಒಂದು ಪ್ರದರ್ಶನಕ್ಕೆ ಕಳುಹಿಸಬೇಕೆಂದಿದ್ದ. ಅರ್ಜಿಯೊಡನೆ ಕಲಾವಿದನ ಹೇಳಿಕೆ ಬೇಕು, ಇಂಗ್ಲಿಷಿನಲ್ಲಿ, ಇಂತಿಷ್ಟು ಪದಗಳಲ್ಲಿ. ಅವನು ಬರೆದಿದ್ದುದನ್ನು ನನಗೆ ತೋರಿಸಿದ. ವ್ಯಾಕರಣಕ್ಕೆ ಕೊರತೆಯಿರಲಿಲ್ಲ. ಸ್ಮೃತಿ, ಅಸ್ಮಿತೆ, ಸ್ಥಳಾಂತರ, ಅವಕಾಶ ಎಂಬ ಅರ್ಥದ ದೊಡ್ಡ ದೊಡ್ಡ ಮಾತುಗಳೆಲ್ಲ ಸಾಲಾಗಿ ಕುಳಿತಿದ್ದುವು. ಒಂದು ಮಾತು ಮಾತ್ರ ಇರಲಿಲ್ಲ.

"ಮುಳುಗಡೆ ಎಲ್ಲಯ್ಯ?" ಎಂದೆ.

"ಅದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ ಸರ್? ನೀರಿನಲ್ಲಿ ಮುಳುಗುವುದು ಎಂಬ ಪದ ಇದೆ, ಊರು ಬಿಡಿಸುವುದು ಎಂಬ ಪದ ಇದೆ. ನಮ್ಮ ಅಜ್ಜಿ ಹೇಳುವ ಮುಳುಗಡೆ ಎರಡೂ ಅಲ್ಲ."

ಅವನ ಮಾತು ನಿಜ. ಮಲೆನಾಡಿನಲ್ಲಿ 'ಮುಳುಗಡೆ' ಎಂದರೆ ಒಂದು ಕ್ರಿಯೆಯಲ್ಲ, ಒಂದು ಕಾಲ. "ಮುಳುಗಡೆಗೆ ಮುಂಚೆ" ಎಂದು ಹಿರಿಯರು ವರ್ಷ ಎಣಿಸುತ್ತಾರೆ. ಅದೊಂದು ಸ್ಥಳ, ಅದೊಂದು ಜನ, "ಅವರು ಮುಳುಗಡೆಯವರು" ಎಂದು ಸಂಬಂಧ ಬೆಳೆಸುವಾಗ ಹೇಳುತ್ತಾರೆ. ಇಷ್ಟು ಅರ್ಥವನ್ನು ಹೊತ್ತ ಮಾತು ಹೇಳಿಕೆಯಲ್ಲಿ ಇಲ್ಲವಾದರೆ, ನೋಡಲು ಬಂದವನ ಪಾಲಿಗೆ ಆ ಕೋಣೆಯಲ್ಲಿ ಹಾಳೆ ಉಳಿಯುತ್ತದೆ, ಹಗ್ಗ ಉಳಿಯುತ್ತದೆ, ನೀರು ಉಳಿಯುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತನ್ನು ಅವನು ಹೇಳಿದ. ಎರಡು ಮೂರು ವರ್ಷ ಇಂತಹ ಹೇಳಿಕೆಗಳನ್ನು ಬರೆದಮೇಲೆ, ಹೊಸ ಕೃತಿಯನ್ನು ಯೋಚಿಸುವಾಗಲೇ ಅದರ ಹೇಳಿಕೆ ಮನಸ್ಸಿನಲ್ಲಿ ಮೂಡತೊಡಗಿತಂತೆ. ಇಂಗ್ಲಿಷಿನಲ್ಲಿ ಸುಲಭವಾಗಿ ಹೇಳಬಹುದಾದ ಕೃತಿಯೇ ಮೊದಲು ಹೊಳೆಯುತ್ತದೆ; ಹೇಳಲಾಗದ್ದು ಹಿಂದೆ ಸರಿಯುತ್ತದೆ. ಇದು ನಿಜವಾದ ಅಪಾಯ. ಬಣ್ಣಿಸುವ ಭಾಷೆ ಬಣ್ಣಿಸಬೇಕಾದುದನ್ನೇ ಆಯ್ಕೆ ಮಾಡತೊಡಗಿದರೆ ಕಲೆಯ ಮೂಲಕ್ಕೇ ಕೈಯಿಟ್ಟಂತಾಗುತ್ತದೆ.

*

ಇದಕ್ಕೆ ಕಾರಣವೇನು? ಕನ್ನಡಕ್ಕೆ ಕಲೆಯನ್ನು ಕುರಿತು ಹೇಳುವ ಶಕ್ತಿಯೇ ಇಲ್ಲವೆಂದೇ? ಇತಿಹಾಸ ಹಾಗೆ ಹೇಳುವುದಿಲ್ಲ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ವಿಗ್ರಹಗಳ ಪೀಠದಲ್ಲಿ ರೂವಾರಿಗಳು ತಮ್ಮ ಹೆಸರನ್ನು ಕಂಡರಿಸಿದ್ದಾರೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ, ಇಬ್ಬರೂ ನಮ್ಮ ಜಿಲ್ಲೆಯ ಬಳ್ಳಿಗಾವೆಯವರು. ಬರಿಯ ಹೆಸರಷ್ಟೇ ಅಲ್ಲ; ಊರು, ತಂದೆ, ಜತೆಗೆ ಪ್ರತಿಸ್ಪರ್ಧಿಗಳನ್ನು ಬೆದರಿಸುವ ಬಿರುದುಗಳು. ೧೩ನೆಯ ಶತಮಾನದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ನುಗ್ಗೇಹಳ್ಳಿಯಲ್ಲಿಯೂ ಕಾಣಿಸುತ್ತದೆ. ಅದಕ್ಕೂ ಮುನ್ನ, ೮ನೆಯ ಶತಮಾನದ ಪಟ್ಟದಕಲ್ಲಿನಲ್ಲಿ, ವಿರೂಪಾಕ್ಷ ದೇಗುಲವನ್ನು ಕಟ್ಟಿದ ಗುಂಡ ಎಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತೆಂದು ಹಳಗನ್ನಡದ ಶಾಸನ ಹೇಳುತ್ತದೆ. ಅಂದರೆ ಕಲಾವಿದನ ಹೇಳಿಕೆ ಎಂಬುದು ಹೊಸ ಪದ್ಧತಿಯೇನಲ್ಲ. ಒಂಬೈನೂರು ವರ್ಷದ ಹಿಂದೆ ಅದು ಕಲ್ಲಿನ ಮೇಲೆ ಕನ್ನಡದಲ್ಲಿತ್ತು.

ಹಾಗೆಂದು ಎಲ್ಲವೂ ಕನ್ನಡದಲ್ಲಿಯೇ ಇತ್ತೆಂದು ಹೇಳುವುದೂ ಸರಿಯಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ವಿಂಗಡಿಸಿತು. ಗೋಡೆಗೆ ಹಚ್ಚುವ ವಜ್ರಲೇಪದ ಪಾಕವನ್ನೂ ಹೇಳಿತು. ಆದರೆ ಅದು ಸಂಸ್ಕೃತದಲ್ಲಿತ್ತು. ಇಲ್ಲಿಯೇ ಮಗ್ಗುಲಿನ ಕೆಳದಿಯ ಬಸವಪ್ಪ ನಾಯಕನ 'ಶಿವತತ್ತ್ವರತ್ನಾಕರ'ವೂ ಸಂಸ್ಕೃತದ್ದೇ. ಶಾಸ್ತ್ರ ಒಂದು ಭಾಷೆಯಲ್ಲಿ, ಕೈ ಇನ್ನೊಂದು ಭಾಷೆಯಲ್ಲಿ ಎಂಬುದು ನಮಗೆ ಹಳೆಯ ರೋಗ. ಆಗ ಸಂಸ್ಕೃತವಿದ್ದ ಜಾಗದಲ್ಲಿ ಈಗ ಇಂಗ್ಲಿಷಿದೆ. ವ್ಯತ್ಯಾಸ ಒಂದೇ: ಆಗ ಶಾಸ್ತ್ರವನ್ನು ಓದದೆಯೂ ರೂವಾರಿಗೆ ಕೆಲಸ ಸಿಗುತ್ತಿತ್ತು, ಈಗ ಹೇಳಿಕೆ ಬರೆಯದವನ ಕೃತಿ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ.

ಹೊಸಗಾಲದಲ್ಲಿ ಪ್ರಯತ್ನವಾಗಲಿಲ್ಲವೆಂದಲ್ಲ. ಶಿವರಾಮ ಕಾರಂತರು ೧೯೩೦ರಷ್ಟು ಹಿಂದೆಯೇ 'ಭಾರತೀಯ ಚಿತ್ರಕಲೆ'ಯನ್ನು ಬರೆದರು. ಅನಕೃ ಅವರ ಕಾದಂಬರಿಗಳು ಗಾಯಕನನ್ನು, ನಟನನ್ನು, ಚಿತ್ರಕಾರನನ್ನು ಕಥಾನಾಯಕರನ್ನಾಗಿ ಮಾಡಿ ಮನೆಮನೆಗೆ ಒಯ್ದುವು. ೧೯೬೦ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು. ೨೦೦೩ರಲ್ಲಿ ಅದು ಆರಂಭಿಸಿದ ಚಿತ್ರಸಂತೆ ಬೆಂಗಳೂರಿನ ಕುಮಾರಕೃಪಾ ರಸ್ತೆಯನ್ನೇ ವರ್ಷಕ್ಕೊಂದು ದಿನ ಬಯಲು ಚಿತ್ರಶಾಲೆಯನ್ನಾಗಿ ಮಾಡುತ್ತ ಬಂದಿದೆ. 'ಸಂತೆ' ಎಂಬ ಹೆಸರಿನ ಜಾಣ್ಮೆಯನ್ನು ನೋಡಿ. ಸಂತೆಗೆ ಹೋಗಲು ಯಾರೂ ಅಂಜುವುದಿಲ್ಲ. ಒಂದು ಸರಿಯಾದ ಮಾತು ಎಷ್ಟು ಬಾಗಿಲು ತೆರೆಯುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಆ ತರುಣನ ಅಡಿಕೆ ಹಾಳೆಯಂತಹ ಕೃತಿಗೆ ಕನ್ನಡದಲ್ಲಿ 'ಪ್ರತಿಷ್ಠಾಪನಾ ಕಲೆ' ಎಂದು ಹೆಸರಿಟ್ಟಿದ್ದಾರೆ. ಪ್ರತಿಷ್ಠಾಪನೆ ಎಂದೊಡನೆ ನಮ್ಮ ಕಿವಿಗೆ ಕೇಳುವುದು ಮಂತ್ರ, ಗಂಟೆ. ದೇವರನ್ನು ಶಾಶ್ವತವಾಗಿ ನಿಲ್ಲಿಸುವುದಕ್ಕೆ ಇದ್ದ ಮಾತು, ನಾಲ್ಕು ದಿನವಿದ್ದು ಕಳಚಿಹೋಗುವ ಕೃತಿಗೆ ಬಂದಿತು. ಇಂಗ್ಲಿಷಿನ ಪದವನ್ನು ಮುಂದಿಟ್ಟುಕೊಂಡು ನಿಘಂಟಿನಿಂದ ಹೆಕ್ಕಿದರೆ ಹೀಗಾಗುತ್ತದೆ. ಆ ತರುಣ ತನ್ನ ಅಜ್ಜಿಗೆ ಅದನ್ನು ಏನೆಂದು ಹೇಳಿದ ಎಂದು ಕೇಳಿದೆ. "ಹಾಳೆ ಕಟ್ಟಿದ್ದೇನೆ ಎಂದೆ ಸರ್" ಎಂದ. ಕಟ್ಟುವುದು! ತೋರಣ ಕಟ್ಟುತ್ತೇವೆ, ಚಪ್ಪರ ಕಟ್ಟುತ್ತೇವೆ, ತೊಟ್ಟಿಲು ಕಟ್ಟುತ್ತೇವೆ, ಮಾಲೆ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ಬಿಡಿಯಾದುದನ್ನು ಒಂದುಗೂಡಿಸಿ ಒಂದು ಸ್ಥಳದಲ್ಲಿ ಅರ್ಥ ಹುಟ್ಟಿಸುವುದಕ್ಕೆ ಇದಕ್ಕಿಂತ ಬೇರೆ ಕ್ರಿಯಾಪದ ಬೇಕೆ? ಪಾರಿಭಾಷಿಕ ಪದ ಅಜ್ಜಿಯ ಮುಂದೆ ತಾನಾಗಿ ಹುಟ್ಟಿತ್ತು. ಅರ್ಜಿಯ ಮುಂದೆ ಅದಕ್ಕೆ ನಾಚಿಕೆಯಾಯಿತು.

*

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಚಿತ್ರಕಾರನಿಗೆ ಮಾತು ಏಕೆ? ಚಿತ್ರವೇ ಮಾತನಾಡಲಿ. ಇದು ಕೇಳಲು ಸೊಗಸಾದ ವಾದ. ಕಲಾವಿದರಲ್ಲಿ ಕೆಲವರೇ ಇದನ್ನು ಹೇಳುತ್ತಾರೆ. ಆದರೆ ಚಿತ್ರ ಮೌನವಾಗಿದ್ದಾಗ ಲೋಕ ಸುಮ್ಮನಿರುವುದಿಲ್ಲ. ಬೆಲೆ ಕಟ್ಟುವವನು ಮಾತನಾಡುತ್ತಾನೆ, ಪ್ರದರ್ಶನ ಏರ್ಪಡಿಸುವವನು ಮಾತನಾಡುತ್ತಾನೆ, ಹಸೆಯನ್ನು ವರ್ಲಿ ಎನ್ನುವವನೂ ಮಾತನಾಡುತ್ತಾನೆ. ಕಲಾವಿದ ಬಿಟ್ಟ ಜಾಗವನ್ನು ಇನ್ನೊಬ್ಬರ ಮಾತು ತುಂಬುತ್ತದೆ.

ಮೇಲಾಗಿ ಈಗ ಕಾಲವೂ ಬದಲಾಗಿದೆ. ಮಾತನ್ನು ಕೊಟ್ಟರೆ ಚಿತ್ರವನ್ನು ಕೊಡುವ ಯಂತ್ರಗಳು ಬಂದಿವೆ. ಕೃತಕ ಬುದ್ಧಿಮತ್ತೆ ಎಂದು ಅದನ್ನು ಕರೆಯುತ್ತಾರೆ. ಅದಕ್ಕೆ ಕುಂಚ ಬೇಡ, ಪುಂಡಿ ನಾರು ಬೇಡ, ಬೇಕಾದುದು ಪದ. ಲೋಕದಲ್ಲಿ ಬರೆದಿಟ್ಟಿರುವ ಪದಗಳನ್ನೂ ಅವುಗಳ ಜತೆಯಲ್ಲಿರುವ ಚಿತ್ರಗಳನ್ನೂ ನೋಡಿ ನೋಡಿ ಅದು ಕಲಿತಿದೆ. ಯಾವ ಕಲೆಯನ್ನು ಕುರಿತು ಯಾವ ಭಾಷೆಯಲ್ಲಿ ಹೆಚ್ಚು ಬರೆದಿದೆಯೋ ಅದು ಯಂತ್ರಕ್ಕೆ ಚೆನ್ನಾಗಿ ಗೊತ್ತು. ಯಾರೂ ಬರೆದಿಡದ ಎಳೆ ಅದಕ್ಕೆ ಗೊತ್ತಿಲ್ಲ. ಆ ತರುಣ ಒಮ್ಮೆ ಯಂತ್ರದಿಂದ ಹಸೆ ಚಿತ್ತಾರ ಬರೆಸಿ ನನಗೆ ತೋರಿಸಿದ. ಕೆಂಪು ನೆಲೆಯ ಮೇಲೆ ತ್ರಿಕೋಣದ ಮೈಯ ಬಿಳಿ ಮನುಷ್ಯರು ವರ್ತುಲವಾಗಿ ಕುಣಿಯುತ್ತಿದ್ದರು. ಅದು ವರ್ಲಿಯ ಪಡಿಯಚ್ಚು. ಪೇಟೆಯ ಗಿರಾಕಿಗೂ ಯಂತ್ರಕ್ಕೂ ಅರಿವು ಒಂದೇ ಮಟ್ಟದ್ದಾಯಿತು. ಹೆಸರಿಲ್ಲದ್ದು ಹಿಂದೆ ಮರೆತುಹೋಗುತ್ತಿತ್ತು. ಈಗ ಮರೆಯುವುದಕ್ಕಿಂತ ಬೇಗ ಬೇರೆಯದಾಗಿ ಬದಲಾಗುತ್ತದೆ.

*

ಹಾಗಾದರೆ ಮಾಡಬೇಕಾದುದೇನು? ಆಶಾದಾಯಕವಾದ ಒಂದು ಮಾದರಿ ನಮ್ಮ ಹತ್ತಿರದಲ್ಲಿಯೇ ಇದೆ. ಸಾಗರಕ್ಕೆ ಕೆಲವೇ ಮೈಲಿ ದೂರದ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಆರಂಭವಾದ ನೀನಾಸಂ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಕೆ. ವಿ. ಸುಬ್ಬಣ್ಣನವರು ನಾಟಕವನ್ನಷ್ಟೇ ಅಲ್ಲ, ಲೋಕದ ಚಲನಚಿತ್ರಗಳನ್ನೂ ಹಳ್ಳಿಗರ ಮುಂದಿಟ್ಟು ಕನ್ನಡದಲ್ಲಿ ಚರ್ಚಿಸಿದರು. ೧೯೯೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ದೊಡ್ಡ ಫಲವೆಂದರೆ, ರಂಗಸಜ್ಜಿಕೆ, ಪ್ರಸಾಧನ, ಬೆಳಕಿನ ವಿನ್ಯಾಸ ಎಂಬ ಮಾತುಗಳನ್ನು ಇಂದು ಈ ಕಡೆಯ ಅಡಿಕೆ ತೋಟದ ಹುಡುಗರೂ ಸಲೀಸಾಗಿ ಆಡುತ್ತಾರೆ. ಆ ಮಾತುಗಳು ಕೋಶದಿಂದ ಬಂದು ಬಾಯಿಗೆ ಸೇರಲಿಲ್ಲ. ಒಟ್ಟಿಗೆ ಕುಳಿತು ನೋಡಿ, ಜಗಳವಾಡಿ, ಬಳಸಿ ಬಳಸಿ ನುಣುಪಾದುವು. ರಂಗಭೂಮಿಗೆ ಸಾಧ್ಯವಾದುದು ಚಿತ್ರಕ್ಕೆ ಸಾಧ್ಯವಾಗದೆಂದು ಹೇಳಲು ಕಾರಣವಿಲ್ಲ.

ಮೊದಲನೆಯದಾಗಿ, ಕನ್ನಡನಾಡಿನ ತೆರಿಗೆಯ ಹಣದಿಂದ ನಡೆಯುವ ಯಾವ ಪ್ರದರ್ಶನ, ಯಾವ ಧನಸಹಾಯ, ಯಾವ ಪದವಿಯಾದರೂ ಸರಿ, ಅಲ್ಲಿ ಕಲಾವಿದ ಕನ್ನಡದಲ್ಲಿ ಹೇಳಿಕೆ ಬರೆದರೆ ಅದನ್ನು ಸಮಾನ ಗೌರವದಿಂದ ಓದುವ ಏರ್ಪಾಡಿರಬೇಕು. ಇಂಗ್ಲಿಷ್ ಬೇಕಾದವರಿಗೆ ಅನುವಾದ ಮಾಡಿಸಿಕೊಡುವ ಹೊರೆ ಸಂಸ್ಥೆಯದಾಗಲಿ, ಕಲಾವಿದನದಲ್ಲ. 'ಮುಳುಗಡೆ'ಯನ್ನು ಹಾಗೆಯೇ ಇಟ್ಟು ಅಡಿಯಲ್ಲಿ ವಿವರಿಸುವ ಅನುವಾದಕನಿಗೆ ಅದು ಕಷ್ಟವೇನಲ್ಲ. ನಾಮಫಲಕಕ್ಕೆ ಶೇಕಡ ೬೦ ಕೇಳುವ ಸರಕಾರ ಅರ್ಜಿಯ ನಮೂನೆಗೆ ಇಷ್ಟನ್ನಾದರೂ ಕೇಳಬಾರದೆ?

ಎರಡನೆಯದು ನಮ್ಮ ಕನ್ನಡ ವಿಭಾಗಗಳಿಗೆ ಸೇರಿದ್ದು. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಕಾವ್ಯ, ಶಾಸನಗಳ ಪದಸಂಪತ್ತನ್ನು ಉಳಿಸಿಕೊಟ್ಟಿತು. ಆ ಮಹತ್ಕಾರ್ಯದ ಮುಂದಣ ಹೆಜ್ಜೆ ಕೈಗಳ ಪದಸಂಪತ್ತು. ಬಳಿ, ಸವರು, ಮೆತ್ತು, ಹಚ್ಚು, ಸಾರಿಸು, ತೀಡು, ತಿದ್ದು, ಗೀಚು, ಗೀರು, ಕೊರೆ, ಕಂಡರಿಸು, ಕೆತ್ತು: ಮೇಲ್ಮೈಯನ್ನು ಕೈ ಮುಟ್ಟುವ ಬಗೆಗೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ! ಗಂಧದ ಮರವನ್ನು, ಬೆಂಡನ್ನು ಕೆತ್ತುವ ಸಾಗರ ಸೊರಬಗಳ ಗುಡಿಗಾರರ ಬಾಯಲ್ಲಿ ಇನ್ನೂ ಎಷ್ಟಿವೆಯೋ. ಧಾರವಾಡದ ಕಡೆಯ ಕಸೂತಿಯವರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆಗೊಂದು ಹೆಸರಿದೆ. ಎಂ. ಎ. ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕೈಯ ಬಳಿ ಒಂದು ವಾರ ಕುಳಿತು ಕೇಳಿದುದನ್ನು ಬರೆದು ತಂದರೆ, ಹತ್ತು ವರ್ಷದಲ್ಲಿ ನಮ್ಮ ಕಲಾಮೀಮಾಂಸೆಗೆ ಬೇಕಾದ ಕಚ್ಚಾ ಸಾಮಗ್ರಿ ಒದಗಿಬಂದೀತು. ಅಲಂಕಾರಶಾಸ್ತ್ರವನ್ನು ಕಲಿಸುವ ನಾವು ಚಿತ್ತಾರದ ಎಳೆಯನ್ನು ಪಠ್ಯದ ಹೊರಗಿಡುವುದು ನ್ಯಾಯವಲ್ಲ. 'ಬರೆ' ಎಂಬ ಕ್ರಿಯಾಪದ ನಮ್ಮಿಬ್ಬರಿಗೂ ಸೇರಿದ ಆಸ್ತಿ.

ಮೂರನೆಯದು ಪತ್ರಿಕೆಗಳ ಮಾತು. ಒಂದು ಪುಸ್ತಕ ಬಂದರೆ ವಿಮರ್ಶೆಗೆ ಜಾಗವಿದೆ. ಒಂದು ಪ್ರದರ್ಶನ ನಡೆದರೆ ಉದ್ಘಾಟಕರ ಚಿತ್ರ ಬರುತ್ತದೆ, ಗೋಡೆಯ ಮೇಲಿನ ಚಿತ್ರದ ಮಾತು ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಊರಿನ ಒಬ್ಬ ಕಲಾವಿದನ ಒಂದೇ ಕೃತಿಯನ್ನು ಕುರಿತು ಅರ್ಧ ಪುಟ ಬರೆದರೆ ಓದುಗರ ಕಣ್ಣೂ ಬರೆಯುವವರ ಭಾಷೆಯೂ ಒಟ್ಟಿಗೆ ಪಳಗುತ್ತವೆ.

ಇವೆಲ್ಲ ನಡೆದರೂ ಆ ನಾಮಫಲಕದವರಿಗೆ ನಾಳೆಯೇ ಕೆಲಸ ಬಂದೀತೆಂದು ನಾನು ಹೇಳಲಾರೆ. ಯಂತ್ರ ಕಸಿದುಕೊಂಡ ಅನ್ನವನ್ನು ಮಾತು ಹಿಂದಕ್ಕೆ ಕೊಡುವುದಿಲ್ಲ. ಆದರೆ ಅಕ್ಷರಕ್ಕೆ ಗಾಳಿ ಬೇಕೆಂಬ ಅವರ ತಿಳಿವಳಿಕೆ ಯಂತ್ರದ ಮುಂದೆ ಕುಳಿತ ಹುಡುಗನಿಗೆ ದಾಟಿದರೆ, ಅವನು ಕಟ್ಟುವ ಹೊಸ ಅಕ್ಷರ ಹಲಗೆಯ ಮೇಲೆ ಸರಿಯಾಗಿ ಕೂತೀತು. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ದೊರೆಯಿತು. ಅದು ನಮ್ಮ ಹಿರಿಯರ ಗಳಿಕೆ. ಭಾಷೆಯ ಇಂದಿನ 'ಸಮಗ್ರ ಅಭಿವೃದ್ಧಿ' ಎಂದರೆ, ಆ ಭಾಷೆಯಲ್ಲಿ ಕೆಲಸ ಮಾಡುವವನು ತನ್ನ ಕೆಲಸವನ್ನು ಅದರಲ್ಲಿಯೇ ತಲೆಯೆತ್ತಿ ಹೇಳಿಕೊಳ್ಳುವಂತಾಗುವುದು. ದಾಸೋಜನಿಗೆ ಅದು ಸಾಧ್ಯವಾಗಿತ್ತು. ಅವನ ಜಿಲ್ಲೆಯಲ್ಲಿಯೇ ಹುಟ್ಟಿದ, ಅವನಿಗಿಂತ ಹೆಚ್ಚು ಓದಿದ ಹುಡುಗನೊಬ್ಬನಿಗೆ ಅದು ಇಂದು ಸಾಧ್ಯವಾಗದಿದ್ದರೆ, ಶೇಕಡ ನೂರು ಕನ್ನಡವಿರುವ ಹಲಗೆಯೂ ಆ ಕೊರತೆಯನ್ನು ಮುಚ್ಚಲಾರದು.